ಡ್ರೈನ್ ವಾಲ್ವ್ ಮುಚ್ಚಿದರೆ ನೀರು ಉಳಿಯುವುದಿಲ್ಲ

ಸಂಪಾದಕರಿಗೆ ನಮಸ್ಕಾರ,

ಬೇಸಿಗೆ ಬಂತೆಂದರೆ ದಾವಣಗೆರೆ, ಹರಿಹರ ಕಡೆಯ ಫ್ಯಾಕ್ಟರಿಗಳಲ್ಲಿ ‘ನೀರು ಉಳಿಸಿ’ ಅಂತ ಬೋರ್ಡು ಬೀಳುತ್ತದೆ. ಒಳ್ಳೆಯದೇ. ಹೊಳೆ ಬೇಸಿಗೆಯಲ್ಲಿ ಹೇಗಿರುತ್ತದೆ ಅಂತ ಹರಿಹರದವರಿಗೆ ಹೇಳಬೇಕಾ? ಸೇತುವೆ ಮೇಲೆ ನಿಂತರೆ ನೀರಿಗಿಂತ ಬಂಡೆ, ಮರಳೇ ಜಾಸ್ತಿ ಕಾಣುತ್ತದೆ. ಆದರೆ ಆ ಬೋರ್ಡು ನೋಡಿದ ಯಾರೋ ಒಬ್ಬರು ಸೀದಾ ಪಂಪ್ ಹೌಸಿಗೆ ಹೋಗಿ, ನೀರಿನ ಕಸ ಸೋಸಿ ತನ್ನ ಜಾಲರಿಯನ್ನು ತಾನೇ ತೊಳೆದುಕೊಳ್ಳುವ ಆಟೋಮ್ಯಾಟಿಕ್ ಸ್ಟ್ರೈನರ್‌ನ ಡ್ರೈನ್ ವಾಲ್ವ್ ಮುಚ್ಚಿಬಿಡುತ್ತಾರಲ್ಲ, ಈ ಪತ್ರ ಅವರಿಗಾಗಿ.

ನಾನು 22 ವರ್ಷ ಪಂಪ್ ಹೌಸಿನಲ್ಲಿ ಫಿಟ್ಟರ್ ಆಗಿದ್ದವನು. ಮೊನ್ನೆ ಮಂಡಕ್ಕಿ ಅಂಗಡಿಯಲ್ಲಿ ಒಬ್ಬ ಹುಡುಗ ಸಿಕ್ಕಿದ್ದ. ಐಟಿಐ ಮುಗಿಸಿ ಈಗಷ್ಟೇ ಕೆಲಸಕ್ಕೆ ಸೇರಿದ್ದಾನೆ. ‘ಕಾಕಾ, ನಮ್ಮಲ್ಲಿ ಡ್ರೈನ್ ವಾಲ್ವ್ ಅರ್ಧ ಮುಚ್ಚಿಸಿದ್ದಾರೆ, ಸ್ಟ್ರೈನರ್ ಅಲಾರಂ ಹೊಡ್ಕೊಳ್ತಾನೇ ಇರುತ್ತೆ’ ಅಂದ. ಬಾಯಿಗಿಟ್ಟ ಮಿರ್ಚಿ ಅಲ್ಲೇ ನಿಂತಿತು. ಇದೇ ತಪ್ಪಿಗೆ ನಾವು ಒಂದು ಸಲ ದಂಡ ಕಟ್ಟಿದ್ದೇವೆ.

ಗೊತ್ತಿಲ್ಲದವರಿಗೆ ಸ್ವಲ್ಪ ಹೇಳುತ್ತೇನೆ. ಮನೆಯಲ್ಲಿ ಟೀ ಸೋಸುವ ಜಾಲರಿ ಕಟ್ಟಿಕೊಂಡರೆ ಏನು ಮಾಡುತ್ತೇವೆ? ಬೋರಲು ಹಾಕಿ ನಲ್ಲಿ ಕೆಳಗೆ ಹಿಡಿಯುತ್ತೇವೆ, ಅಲ್ವಾ? ಈ ಮಷೀನೂ ಅದನ್ನೇ ಮಾಡುತ್ತದೆ, ಪಂಪ್ ನಿಲ್ಲಿಸದೇ. ಒಳಗೆ ಉದ್ದನೆಯ ಬಾಯಿ ಇರುವ ಒಂದು ಕೊಳವೆ ಜಾಲರಿಗೆ ಒತ್ತಿಕೊಂಡಂತೆ ನಿಧಾನವಾಗಿ ಸುತ್ತುತ್ತದೆ. ಅದರ ಇನ್ನೊಂದು ತುದಿಯೇ ಡ್ರೈನ್. ಲೈನಿನಲ್ಲಿ 3 ಬಾರ್ ಒತ್ತಡ, ಡ್ರೈನ್ ಆಚೆ ಬರೀ ಗಾಳಿ. ಆ ವ್ಯತ್ಯಾಸಕ್ಕೇ ಸೋಸಿದ ಕಡೆಯ ನೀರು ಜಾಲರಿಯೊಳಗಿಂದ ಹಿಂದಕ್ಕೆ ನುಗ್ಗಿ ಕಸ ಕಿತ್ತುಕೊಂಡು ಹೊರಗೆ ಹೋಗುತ್ತದೆ. ಇದಕ್ಕೇ ಬ್ಯಾಕ್‌ವಾಶ್ ಅನ್ನುವುದು. ಡ್ರೈನ್ ಬಿಗಿ ಮಾಡಿದಿರೋ, ಆ ವ್ಯತ್ಯಾಸವೇ ಹೋಯಿತು. ಕೊಳವೆ ಸುಮ್ನೆ ಸುತ್ತುತ್ತದೆ, ಕಸ ಅಲ್ಲೇ ಇರುತ್ತದೆ.

ಈಗ ಲೆಕ್ಕ ಹಾಕಿ. ನಮ್ಮ ಲೈನಿನಲ್ಲಿ ಗಂಟೆಗೆ 4 ಲಕ್ಷ ಲೀಟರ್ ಹರಿಯುತ್ತಿತ್ತು. ಬ್ಯಾಕ್‌ವಾಶ್ ನಡೆಯುವಾಗ ಅದರಲ್ಲಿ ನೂರಕ್ಕೆ 5 ಪಾಲು ಹೊರಗೆ ಹೋಗುತ್ತಿತ್ತು. ಕೇಳಿದರೆ ಜಾಸ್ತಿ ಅನಿಸುತ್ತದೆ. ಆದರೆ ಅದು ನಡೆಯುತ್ತಿದ್ದದ್ದು ಗಂಟೆಗೊಮ್ಮೆ, ಒಂದೇ ನಿಮಿಷ. ಅಂದರೆ ಸಲಕ್ಕೆ 330 ಲೀಟರ್ ಚಿಲ್ಲರೆ, ದಿನಕ್ಕೆ 8,000 ಲೀಟರ್. ವಾಲ್ವ್ ಅರ್ಧ ಮುಚ್ಚಿದ ಮೇಲೆ ಏನಾಯಿತು ಗೊತ್ತಾ? ಜಾಲರಿ ಸ್ವಚ್ಛವಾಗಲಿಲ್ಲ, ಒಳಗೆ ಬರುವ ನೀರಿಗೂ ಹೊರಗೆ ಹೋಗುವ ನೀರಿಗೂ ಒತ್ತಡದ ಅಂತರ ಇಳಿಯಲೇ ಇಲ್ಲ, ಅಂತರ ಇಳಿಯುವವರೆಗೆ ತೊಳೆಯುತ್ತಲೇ ಇರು ಅಂತ ಅದಕ್ಕೆ ಹೇಳಿಟ್ಟಿದ್ದರಿಂದ ಅದು ಹಗಲೂ ರಾತ್ರಿ ತೊಳೆಯುತ್ತಲೇ ಇತ್ತು. ಅರ್ಧ ವಾಲ್ವಿನಲ್ಲಿ ಗಂಟೆಗೆ 10,000 ಲೀಟರ್ ಅಂತ ಹಿಡಿದರೂ ದಿನಕ್ಕೆ 2,40,000 ಲೀಟರ್. ಉಳಿಸಲು ಹೋಗಿ 30 ಪಟ್ಟು ಚೆಲ್ಲಿದೆವು!

ಅಲ್ಲಿಗೇ ಮುಗಿಯಲಿಲ್ಲ. ಜೂನಿನಲ್ಲಿ ಹೊಳೆಗೆ ಹೊಸ ನೀರು ಬಂತು. ಕೆಂಪು ನೀರು, ಎಲೆ, ಜೊಂಡು, ಗುಟ್ಕಾ ಚೀಟಿ, ಜೊತೆಗೆ ಜನ ಹೊಳೆಗೆ ಬಿಟ್ಟ ಬಟ್ಟೆಯ ದಾರ. ಈ ದಾರ ಇದೆಯಲ್ಲ, ಅದು ದೊಡ್ಡ ಶತ್ರು, ಹೊಳೆಯಿಂದ ನೀರು ಒಳಬರುವಲ್ಲಿ ಕಸ ತಡೆಯಲು ಹಾಕಿದ ಸರಳಿನ ಸಂದಿಯಲ್ಲಿ ನುಸುಳಿ ಬಂದು ಸುತ್ತುವ ಕೊಳವೆಗೇ ಸುತ್ತಿಕೊಳ್ಳುತ್ತದೆ. ಸ್ವಚ್ಛ ಇದ್ದಾಗ 0.1 ಬಾರ್ ಇರುತ್ತಿದ್ದ ಅಂತರ 1 ಬಾರ್ ದಾಟಿತು. ನಾವು 0.35ಕ್ಕೇ ಬ್ಯಾಕ್‌ವಾಶ್ ಶುರುವಾಗುವಂತೆ ಇಟ್ಟಿದ್ದೆವು. ಅಲಾರಂ ಸದ್ದು ತಡೆಯಲಾರದೆ ಯಾರೋ ಅದರ ವೈರ್ ಕಿತ್ತಿದ್ದರು. ಮುಚ್ಚಳ ತೆಗೆದು ನೋಡಿದರೆ ಜಾಲರಿ ಒಂದು ಕಡೆ ಉಬ್ಬಿ ಬಾಯಿ ಬಿಟ್ಟಿತ್ತು, ನನ್ನ ಅಂಗೈ ಹೋಗುವಷ್ಟು. ಕಸವೆಲ್ಲ ಮುಂದೆ ಈ ನೀರು ಹರಿದು ತಂಪು ಮಾಡುವ ಕೂಲರ್‌ನ ಪ್ಲೇಟುಗಳ ಮಧ್ಯೆ ಹೋಗಿ ಕೂತಿತ್ತು. ಎರಡು ದಿನ ಕೂತು ಒಂದೊಂದೇ ಪ್ಲೇಟ್ ಬಿಚ್ಚಿ ತೊಳೆದೆವು. ವಾಲ್ವ್ ಮುಚ್ಚಿಸಿದ ಸಾಹೇಬರು ಅತ್ತ ತಲೆ ಹಾಕಲಿಲ್ಲ, ಬಿಡಿ.

ಆಟೋಮ್ಯಾಟಿಕ್ ಅನ್ನುವ ಒಂದು ಪದ ಎಲ್ಲರನ್ನೂ ಸೋಮಾರಿ ಮಾಡುತ್ತದೆ. ಅದು ಕೇಳುವ ಕೆಲಸ ಬಹಳ ಇಲ್ಲ. ಶಿಫ್ಟಿಗೊಮ್ಮೆ ಒಳಗೆ ಬರುವ, ಹೊರಗೆ ಹೋಗುವ ನೀರಿನ ಒತ್ತಡ ತೋರಿಸುವ ಎರಡು ಗೇಜ್ ನೋಡಿ ಬರೆಯಿರಿ. ಬರೆಯುವ ಮುಂಚೆ ಬೆರಳಲ್ಲಿ ಒಂದು ಸಲ ತಟ್ಟಿ, ಸಣ್ಣ ಟ್ಯೂಬಿನಲ್ಲಿ ಕೆಸರು ಕಟ್ಟಿದ್ದರೆ ಮುಳ್ಳು ಸತ್ತಂತೆ ನಿಂತಿರುತ್ತದೆ. ಎಷ್ಟೋ ಸಲ ತಿಂಗಳುಗಟ್ಟಲೆ ಒಂದೇ ಅಂಕಿ ಬರೆದ ಪುಸ್ತಕ ನೋಡಿದ್ದೇನೆ. ಮಳೆ ಶುರುವಾಗುವ ಮುಂಚೆ ಒಮ್ಮೆ ಮುಚ್ಚಳ ತೆಗೆದು, ಕೊಳವೆಯ ಬಾಯಿಗೂ ಜಾಲರಿಗೂ ನಡುವಿನ ಸಂದಿ ಜಾಸ್ತಿಯಾಗಿದೆಯಾ ಅಂತ ನೋಡಿ. ಸಂದಿ ಜಾಸ್ತಿಯಾದರೆ ಅದು ಜಾಲರಿ ಬಿಟ್ಟು ಪಕ್ಕದ ನೀರನ್ನೇ ಎಳೆದುಕೊಳ್ಳುತ್ತದೆ. ಗೇರ್ ಬಾಕ್ಸ್ ಎಣ್ಣೆ, ಸುತ್ತುವ ದಂಡದ ಬಳಿ ನೀರು ಸೋರದಂತೆ ತುಂಬುವ ಗ್ಲ್ಯಾಂಡ್ ಪ್ಯಾಕಿಂಗ್ ಅವೂ ಆಗಲೇ ಆಗಲಿ. ಒಂದು ಮಾತು ಮರೆಯಬೇಡಿ: ಕೈ ಹಾಕುವ ಮುಂಚೆ ಒತ್ತಡ ಪೂರ್ತಿ ಇಳಿಸಿ, ಮೋಟಾರ್ ಫ್ಯೂಸ್ ತೆಗೆದು ಜೇಬಿಗೆ ಹಾಕಿಕೊಳ್ಳಿ. ಟೈಮರ್‌ಗೆ ನಿಮ್ಮ ಕೈ ಒಳಗಿದೆ ಅಂತ ಗೊತ್ತಾಗಲ್ಲ.

ಹೊರಗೆ ಹೋಗುವ ನೀರು ಕಣ್ಣಿಗೆ ಚುಚ್ಚಿದರೆ ಡ್ರೈನ್ ಕೆಳಗೆ ಒಂದು ಗುಂಡಿ ಕಟ್ಟಿಸಿ. ಕೆಸರು ಕೂರಲಿ, ಮೇಲಿನ ನೀರು ಸಣ್ಣ ಪಂಪಿನಿಂದ ಗಿಡಕ್ಕೆ ಹೋಗಲಿ. ಡ್ರೈನ್ ಪೈಪನ್ನೇ ನೇರ ಮೇಲಿನ ಟ್ಯಾಂಕಿಗೆ ಏರಿಸುವ ಬುದ್ಧಿವಂತಿಕೆ ಮಾತ್ರ ಬೇಡ. ಪೈಪಿನಲ್ಲಿ ನಿಂತ ನೀರಿನ ಭಾರ ಹಿಂದಕ್ಕೆ ಒತ್ತುವುದರಿಂದ ಅದೂ ವಾಲ್ವ್ ಬಿಗಿ ಮಾಡಿದ ಹಾಗೆಯೇ.

ನಾವು ಕೊನೆಗೆ ಆ ವಾಲ್ವನ್ನು ಪೂರ್ತಿ ತೆರೆದು, ಹ್ಯಾಂಡಲ್ ಬಿಚ್ಚಿ ಸ್ಟೋರಿನ ಡ್ರಾದಲ್ಲಿ ಹಾಕಿಟ್ಟೆವು. ನಾನು ನಿವೃತ್ತಿಯಾದ ದಿನವೂ ಅಲ್ಲೇ ಇತ್ತು.

– ನಿವೃತ್ತ ಫಿಟ್ಟರ್, ಹರಿಹರ