ಮನೆಯಲ್ಲಿ ಮಾಡಿದ ಸ್ಕೀ: ಹಿಮಕ್ಕಿಳಿಸುವ ಮೊದಲು ಪರೀಕ್ಷೆ ಆಗಲಿ

ಮಾನ್ಯ ಸಂಪಾದಕರೇ,

ಹಿಮದ ಮೇಲೆ ಜಾರಲು ಕಾಲಿಗೆ ಕಟ್ಟಿಕೊಳ್ಳುವ ಉದ್ದನೆಯ ಹಲಗೆಯಾದ ಸ್ಕೀಯನ್ನು ಮರದ ಕೋರ್ (ಒಳತಿರುಳು) ಇಟ್ಟು ಮನೆಯಲ್ಲೇ ತಯಾರಿಸುವ ಹವ್ಯಾಸದ ಕುರಿತು ತಮ್ಮ ಭಾನುವಾರದ ಪುರವಣಿಯಲ್ಲಿ ಬಂದ ಲೇಖನವನ್ನು ಓದಿ ಸಂತೋಷಪಟ್ಟವರಲ್ಲಿ ನಾನೂ ಒಬ್ಬ. ಕೊಡಗಿನ ಭವಾನಿ ತೆಕ್ಕಡ ನಂಜುಂಡ ಅವರು ಗುಲ್ಮಾರ್ಗ್‌ನ ಖೇಲೊ ಇಂಡಿಯಾ ಚಳಿಗಾಲದ ಕ್ರೀಡಾಕೂಟದಲ್ಲಿ ಪದಕ ಗೆದ್ದ ಮೇಲೆ, ಹಿಮವೇ ಬೀಳದ ನಮ್ಮ ರಾಜ್ಯದಲ್ಲೂ ಈ ಆಟದ ಮಾತು ಕೇಳಿಬರುತ್ತಿರುವುದು ಸಹಜವೇ. (ಅವರ ಸ್ಪರ್ಧೆ ದೂರದ ಹಾದಿಯ ಸ್ಕೀಯಿಂಗ್, ಲೇಖನದಲ್ಲಿದ್ದದ್ದೂ ನಾನು ಇಲ್ಲಿ ಹೇಳುತ್ತಿರುವುದೂ ಇಳಿಜಾರಿನ ಸ್ಕೀ.) ಆದರೆ ಮರ ಸೀಳಿ, ಅಂಟು ಹಚ್ಚಿ, ಅಚ್ಚಿನಲ್ಲಿ ಒತ್ತಿ ತೆಗೆಯುವಲ್ಲಿಗೆ ಲೇಖನ ಮುಗಿದುಹೋಗಿದೆ, ಮಾಡಿದ್ದನ್ನು ಪರೀಕ್ಷಿಸುವ ಬಗ್ಗೆ ಒಂದು ವಾಕ್ಯವೂ ಇಲ್ಲ. ಕೊಲರಾಡೊದಲ್ಲಿ ನೆಲೆಸಿ, ಗೆಳೆಯರೊಡನೆ ಗ್ಯಾರೇಜಿನಲ್ಲಿ ಇದೇ ಕೆಲಸ ಮಾಡುತ್ತಾ ಬಂದಿರುವ ನನಗೆ ಅದು ಸಣ್ಣ ಕೊರತೆಯಾಗಿ ಕಾಣಲಿಲ್ಲ.

ಮೊದಲಿಗೆ ಒಂದು ತಿದ್ದುಪಡಿ. ಅಂಗಡಿಯ ಸ್ಕೀಗಳೆಲ್ಲ ಪ್ಲಾಸ್ಟಿಕ್ಕು, ಮರ ಉಳಿದಿರುವುದು ಹವ್ಯಾಸಿಗಳ ಕೈಯಲ್ಲಿ ಮಾತ್ರ ಎಂಬ ಲೇಖಕರ ಮಾತು ಸರಿಯಲ್ಲ. ದೊಡ್ಡ ಕಂಪನಿಗಳ ಒಳ್ಳೆಯ ಸ್ಕೀಗಳ ಒಳಗೆ ಇಂದಿಗೂ ಇರುವುದು ಪಾಪ್ಲರ್, ಆ್ಯಶ್, ಬೀಚ್ ಮುಂತಾದ ಮರದ ಪಟ್ಟಿಗಳೇ. ವಿಮಾನ ಕಾರ್ಖಾನೆಯಲ್ಲಿ ಎಂಜಿನಿಯರ್ ಆಗಿದ್ದ ಅಮೆರಿಕದ ಹೋವರ್ಡ್ ಹೆಡ್ 1940ರ ದಶಕದ ಕೊನೆಯಲ್ಲಿ ಅಲ್ಯೂಮಿನಿಯಂ ಹಾಳೆಗಳ ನಡುವೆ ಜೇನುಗೂಡಿನಂಥ ಹಗುರ ಕೋರ್ ಇಟ್ಟು ಸ್ಕೀ ಮಾಡಿದಾಗ, ಆ ಮೊದಲ ಜೋಡಿಗಳು ಹಿಮದ ಮೇಲೆ ಮುರಿದುಹೋದವು. ಹೆಡ್ ಆ ಮುರಿದ ತುಂಡುಗಳನ್ನು ನೋಡಿ ತಿದ್ದುತ್ತಾ, ಮತ್ತೆ ಸ್ಕೀಯಿಂಗ್ ಕಲಿಸುವ ಬೋಧಕರ ಕೈಗೆ ಕೊಟ್ಟು ಮುರಿಸುತ್ತಾ ಹೋದರು. 1950ರಲ್ಲಿ ಮಾರುಕಟ್ಟೆಗೆ ಬಂದ ಅವರ ಸ್ಕೀಯ ಒಳಗೆ ಇದ್ದದ್ದು ಪ್ಲೈವುಡ್. ಅವರ ಯಶಸ್ಸಿಗೆ ಲೋಹದಷ್ಟೇ ಕಾರಣ ಆ ಮುರಿಯುವ ಪರೀಕ್ಷೆ ಎಂದು ನಾನು ತಿಳಿದಿದ್ದೇನೆ.

ಸ್ಕೀ ಎಂದರೆ ಪದರಗಳ ಕಟ್ಟಡ: ಅಡಿಯಲ್ಲಿ ಪಾಲಿಎಥಿಲೀನ್ ಎಂಬ ಪ್ಲಾಸ್ಟಿಕ್ಕಿನ ಹಾಳೆ, ಅದರ ಅಂಚಿಗೆ ಉಕ್ಕಿನ ಪಟ್ಟಿ, ಮೇಲೆ ಫೈಬರ್‌ಗ್ಲಾಸ್, ನಡುವೆ ಮರದ ಕೋರ್, ಮತ್ತೆ ಫೈಬರ್‌ಗ್ಲಾಸ್, ಎಲ್ಲವನ್ನೂ ಹಿಡಿದಿಡುವ ಎಪಾಕ್ಸಿ ಅಂಟು. ಕೋರ್ ಸಾಮಾನ್ಯವಾಗಿ ತುದಿಗಳಲ್ಲಿ ಸುಮಾರು 2 ಮಿ.ಮೀ., ಪಾದದ ಕೆಳಗೆ 10ರಿಂದ 12 ಮಿ.ಮೀ. ದಪ್ಪ ಇರುತ್ತದೆ. ಇಂಥ ರಚನೆಯ ಬಿಗುವು (ಸುಲಭಕ್ಕೆ ಬಾಗದ ಗುಣ) ಮೇಲಿನ ಮತ್ತು ಕೆಳಗಿನ ಗ್ಲಾಸ್ ಪದರಗಳ ನಡುವಿನ ಅಂತರದ ವರ್ಗಕ್ಕೆ ತಕ್ಕಂತೆ ಏರುವುದರಿಂದ, 10 ಮಿ.ಮೀ. ಇರಬೇಕಾದ ಕಡೆ 11 ಆದರೆ ಬಿಗುವು ಸುಮಾರು ಶೇ 20ರಷ್ಟು ಹೆಚ್ಚುತ್ತದೆ. ಮರ ಕೆತ್ತುವ ರೌಟರ್ ಯಂತ್ರ ಒಂದಿಷ್ಟು ಅಲುಗಿದರೆ ಸಾಕು, ಎಡಗಾಲಿನ ಸ್ಕೀ ಒಂದು ಬಗೆ, ಬಲಗಾಲಿನದು ಇನ್ನೊಂದು ಬಗೆ ಆಗುತ್ತದೆ. ಫೋಟೊದಲ್ಲಿ ಎರಡೂ ಒಂದೇ ಥರ ಹೊಳೆಯುತ್ತಿರುತ್ತವೆ!

ಹಾಗಾಗಿ ಅಚ್ಚಿನಿಂದ ತೆಗೆದ ಸ್ಕೀ ಮೊದಲು ಹೋಗಬೇಕಾದದ್ದು ಮೇಜಿಗೆ. ಎರಡು ಆಧಾರಗಳ ಮೇಲೆ ಅದನ್ನು ಮಲಗಿಸಿ, ನಡುವೆ ಗೊತ್ತಾದ ತೂಕವನ್ನು ತೂಗುಹಾಕಿ, ಎಷ್ಟು ಬಾಗಿತು ಎಂಬುದನ್ನು ಡಯಲ್ ಗೇಜಿನಿಂದ (ಮುಳ್ಳಿನ ಅಳತೆಗಡಿಯಾರದಿಂದ) ಅಳೆದು ಬರೆದಿಡಬೇಕು; ಆಧಾರಗಳನ್ನು ಮುಂಭಾಗಕ್ಕೂ ಹಿಂಭಾಗಕ್ಕೂ ಸರಿಸಿ ಅದನ್ನೇ ಮತ್ತೆ ಮಾಡಬೇಕು; ಜೋಡಿಯ ಎರಡರ ಅಂಕಿಗಳೂ ಹತ್ತಿರ ಹತ್ತಿರ ಬರಬೇಕು. ಅಡಿಭಾಗಕ್ಕೆ ಅಡ್ಡಲಾಗಿ ಉಕ್ಕಿನ ನೇರಪಟ್ಟಿ ಇಟ್ಟು ಬೆಳಕಿಗೆ ಹಿಡಿದರೆ, ಎಲ್ಲಿ ತಗ್ಗಿದೆ, ಎಲ್ಲಿ ಅಂಚು ಎದ್ದಿದೆ ಎಂಬುದು ಸಂದಿಯಲ್ಲಿ ನುಸುಳುವ ಬೆಳಕಿನಿಂದಲೇ ತಿಳಿಯುತ್ತದೆ. ನಂತರ ಹಲಸಿನ ಹಣ್ಣನ್ನು ತಟ್ಟಿ ನೋಡುವಂತೆ ಒಂದು ನಾಣ್ಯದಿಂದ ಸ್ಕೀಯ ಉದ್ದಕ್ಕೂ ತಟ್ಟುತ್ತಾ ಹೋಗಬೇಕು. ಪದರಗಳು ಗಟ್ಟಿಯಾಗಿ ಕೂಡಿರುವಲ್ಲಿ ಸದ್ದು ಚುರುಕಾಗಿರುತ್ತದೆ, ಒಳಗೆ ಬಿಟ್ಟಿರುವಲ್ಲಿ ಮಂದವಾಗುತ್ತದೆ.

ಪದರ ಬಿಡುವುದಕ್ಕೆ ಕಾರಣಗಳು ಹೆಚ್ಚಾಗಿ ತಯಾರಿಯ ಹಂತದಲ್ಲೇ ಇರುತ್ತವೆ. ಪಾಲಿಎಥಿಲೀನಿಗೆ ಎಪಾಕ್ಸಿ ತಾನಾಗಿ ಹಿಡಿಯುವುದಿಲ್ಲ. ಹಾಳೆಯ ಒಂದು ಮೈಯನ್ನು ಜ್ವಾಲೆಯಿಂದಲೋ ಬೇರೆ ಬಗೆಯಲ್ಲೋ ಅದಕ್ಕೆಂದೇ ಸಿದ್ಧಪಡಿಸಿರಬೇಕು, ಆ ಮೈಗೆ ಬೆರಳಿನ ಜಿಡ್ಡೂ ತಾಗಬಾರದು. ಗಾಳಿ ಹೀರಿ ತೆಗೆದ (ನಿರ್ವಾತ) ಚೀಲದಲ್ಲಿ ಒತ್ತುವವರಿಗೆ ಸಿಗುವುದು ಹೆಚ್ಚೆಂದರೆ ಒಂದು ವಾತಾವರಣದ ಒತ್ತಡ, ಅಂದರೆ ಚದರ ಸೆಂಟಿಮೀಟರಿಗೆ ಸುಮಾರು ಒಂದು ಕಿಲೊ. ಅಗ್ನಿಶಾಮಕದವರ ಹೋಸ್ ಪೈಪಿಗೆ ಗಾಳಿ ತುಂಬಿ ಒತ್ತುವ ಪ್ರೆಸ್‌ನಲ್ಲಿ ಅದರ ಮೂರು ನಾಲ್ಕು ಪಟ್ಟು ಸಿಗುತ್ತದೆ. ಚೀಲದ ವಿಧಾನವೂ ನಡೆಯುತ್ತದೆ, ಆದರೆ ನಾಣ್ಯದ ಪರೀಕ್ಷೆಯನ್ನು ಇನ್ನಷ್ಟು ಶ್ರದ್ಧೆಯಿಂದ ಮಾಡಬೇಕಾಗುತ್ತದೆ.

ಬೂಟನ್ನು ಹಿಡಿಯುವ ಬೈಂಡಿಂಗ್‌ನ ಸ್ಕ್ರೂಗಳ ವಿಷಯವನ್ನು ನಾನು ಎಲ್ಲಕ್ಕಿಂತ ಮೇಲಿಡುತ್ತೇನೆ. ಮರದ ಕೋರ್‌ಗೆ ಸಾಮಾನ್ಯವಾಗಿ ತೂತು ಕೊರೆಯುವುದು 9 ಮಿ.ಮೀ. ಆಳಕ್ಕೆ ಮಾತ್ರ, ಸವಾರನ ಭಾರ ಮತ್ತು ವೇಗವೆಲ್ಲ ಅಷ್ಟು ಮರಕ್ಕೆ ಕಚ್ಚಿಕೊಂಡಿರಬೇಕು. ಪಾಲೋನಿಯಾದಂಥ ಹಗುರ ಮರ ಸ್ಕ್ರೂ ಹಿಡಿಯುವುದಿಲ್ಲವಾದ್ದರಿಂದ, ಪಾದದ ಭಾಗದಲ್ಲಿ ಮೇಪಲ್ ಅಥವಾ ಆ್ಯಶ್ ಪಟ್ಟಿಗಳನ್ನು ಸೇರಿಸುವ ವಾಡಿಕೆ ಇದೆ. ಸ್ಕೀಯ ಜೊತೆಗೇ, ಅದೇ ಮರ, ಅದೇ ಎಪಾಕ್ಸಿಯಿಂದ ಒಂದು ಗೇಣುದ್ದದ ತುಂಡನ್ನು ಒತ್ತಿಟ್ಟುಕೊಂಡು, ಅದರಲ್ಲಿ ಸ್ಕ್ರೂ ಹಾಕಿ ಕಿತ್ತುಬರುವವರೆಗೂ ಎಳೆದು ನೋಡಬೇಕು. ಒಂದು ರಾತ್ರಿ ಕೊರೆಯುವ ಚಳಿಯಲ್ಲಿಟ್ಟ ತುಂಡನ್ನೂ ಹಾಗೆಯೇ ಎಳೆಯಬೇಕು, ಏಕೆಂದರೆ ಚಳಿಗೆ ಎಪಾಕ್ಸಿ ಪೆಡಸಾಗುತ್ತದೆ. ಇದಿಷ್ಟು ಆದ ಮೇಲೆಯೇ ಹಿಮ, ಅದೂ ಮೊದಲು ಮಕ್ಕಳು ಕಲಿಯುವ ಸಣ್ಣ ಇಳಿಜಾರು. ಪ್ರತಿ ಬಾರಿ ಕೆಳಗೆ ಬಂದಾಗಲೂ ಸ್ಕ್ರೂ ಮತ್ತು ಅಂಚುಗಳನ್ನು ಬೆರಳಾಡಿಸಿ ನೋಡಬೇಕು. ತಾನು ಹತ್ತಿ ನೋಡದ ಸ್ಕೀಯನ್ನು ಗೆಳೆಯನಿಗೆ ಉಡುಗೊರೆಯಾಗಿ ಕೊಡುವ ಚಟ ಇಲ್ಲಿನ ಹವ್ಯಾಸಿಗಳಲ್ಲಿದೆ. ಅದನ್ನು ಔದಾರ್ಯವೆಂದು ಒಪ್ಪಲು ನನಗೆ ಸಾಧ್ಯವಿಲ್ಲ.

ಕರ್ನಾಟಕದ ವಿದ್ಯಾರ್ಥಿಗಳು ಇದನ್ನು ಕೈಗೆತ್ತಿಕೊಳ್ಳಬೇಕೆಂಬ ಲೇಖಕರ ಸಲಹೆ ಅತಿಯಾಯಿತೆಂದು ಕೆಲವರಿಗೆ ಅನ್ನಿಸಬಹುದು, ನನಗೆ ಹಾಗನ್ನಿಸುವುದಿಲ್ಲ. ಬಾಗಿಸಿ, ಎಳೆದು, ಮುರಿದು ನೋಡುವ ಯಂತ್ರಗಳು ನಮ್ಮ ಎಂಜಿನಿಯರಿಂಗ್ ಕಾಲೇಜುಗಳ ಪ್ರಯೋಗಾಲಯಗಳಲ್ಲಿವೆ, ಮರದ ಗುಣ ಬಲ್ಲವರು ಬೆಂಗಳೂರು ಮಲ್ಲೇಶ್ವರದ ಮರ ವಿಜ್ಞಾನ ಮತ್ತು ತಂತ್ರಜ್ಞಾನ ಸಂಸ್ಥೆಯಲ್ಲಿದ್ದಾರೆ. ಬೇರೆ ದೇಶಗಳಲ್ಲಿ ಬಿದಿರನ್ನೂ ಕೋರ್‌ಗೆ ಬಳಸುತ್ತಿರುವಾಗ, ನಮ್ಮಲ್ಲಿ ಬೆಳೆಯುವ ಬಿದಿರಿನ ಪಟ್ಟಿಗಳು ಎಷ್ಟು ತಾಳುತ್ತವೆ ಎಂದು ನೋಡುವುದು ಅಂತಿಮ ವರ್ಷದ ಪ್ರಾಜೆಕ್ಟಿಗೆ ತಕ್ಕ ವಿಷಯ. ಆ ಕೆಲಸದ ಹೆಚ್ಚಿನ ಪಾಲು ಹಿಮವಿಲ್ಲದ ಊರಿನಲ್ಲೇ ಮುಗಿಯುತ್ತದೆ. ಗುಲ್ಮಾರ್ಗ್‌ಗೋ ಉತ್ತರಾಖಂಡದ ಔಲಿಗೋ ಹೋಗಬೇಕಾದದ್ದು ಕೊನೆಯಲ್ಲಿ ಮಾತ್ರ.

ಈ ವಿಷಯದ ಮುಂದಿನ ಲೇಖನವನ್ನು ಪ್ರಕಟಿಸುವಾಗ, ಸ್ಕೀಯ ಚಿತ್ರದ ಪಕ್ಕದಲ್ಲಿ ತೂಗುಹಾಕಿದ ತೂಕ, ಬಾಗಿದ ಅಳತೆ, ಸ್ಕ್ರೂ ಕಿತ್ತುಬಂದ ಬಲ ಈ ಮೂರು ಅಂಕಿಗಳನ್ನೂ ಕೊಡುವಂತೆ ಲೇಖಕರನ್ನು ಕೇಳಬೇಕೆಂದು ತಮ್ಮಲ್ಲಿ ಕೋರುತ್ತೇನೆ.

ಇಂತಿ ತಮ್ಮ ವಿಶ್ವಾಸಿ,
ಒಬ್ಬ ಓದುಗ, ಡೆನ್ವರ್, ಕೊಲರಾಡೊ