ಬೆಳ್ಳಿಯ ಉಸಿರಿನ ವಿಷಯ

ಅಮ್ಮಾ,

ನಾನಿಲ್ಲಿ ಕ್ಷೇಮ. ಅಪ್ಪನಿಗೂ ಅಜ್ಜಿಗೂ ನಮಸ್ಕಾರ ಹೇಳು. ಉಳಿದದ್ದೆಲ್ಲ ಆಮೇಲೆ.

ನಮ್ಮ ಬೆಕ್ಕು ಬೆಳ್ಳಿಗೆ ಏದುಸಿರು, ಡಾಕ್ಟರು ಸಿಗೋದು ನಾಳೆ ಬೆಳಗ್ಗೆ ಅಂತ ಬರೆದಿದ್ದೀಯ. ಗಾಬರಿ ಬೇಡ. ಮೊದಲು ಅದನ್ನ ತೊಡೆ ಮೇಲಿಂದ ಕೆಳಗಿಳಿಸು. ಉಸಿರು ಸಾಲದ ಬೆಕ್ಕು ಮುಂಗಾಲಿನ ಮೊಣಕೈ ಅಗಲಿಸಿ, ಕತ್ತು ಮುಂದಕ್ಕೆ ಚಾಚಿ ಕೂರುತ್ತೆ. ಎದೆ ಹಿಗ್ಗಲಿ ಅಂತ ತಾನೇ ಕಂಡುಕೊಂಡ ಭಂಗಿ ಅದು. ತಬ್ಬಿಕೊಂಡರೆ, ಮಗ್ಗುಲಾಗಿ ಮಲಗಿಸಿದರೆ ಕೆಡುತ್ತೆ. ಬಿಡಿಸಿಕೊಳ್ಳೋಕೆ ಒದ್ದಾಡಿದರಂತೂ ಇರೋ ಚೂರು ಉಸಿರೂ ಅದರಲ್ಲೇ ಹೋಯ್ತು. ತಂಪಾದ, ಮಬ್ಬು ಬೆಳಕಿನ ಕೋಣೆಯಲ್ಲಿ ಬಿಡು. ನಾಯಿ, ಮಕ್ಕಳು, ಟಿವಿ ಯಾವುದೂ ಬೇಡ.

ದೂರದಿಂದಲೇ ಉಸಿರು ಎಣಿಸು. ಎದೆ ಏರಿ ಇಳಿದರೆ ಒಂದು. ಮೊಬೈಲಲ್ಲಿ 30 ಸೆಕೆಂಡು ಇಟ್ಟು ಎಣಿಸಿ, ಎರಡರಿಂದ ಗುಣಿಸು. ಸುಮ್ಮನಿರುವಾಗ ನಿಮಿಷಕ್ಕೆ 30ರ ಒಳಗಿರಬೇಕು. ಗುರುಗುಡುವಾಗ ಎಣಿಸಿದರೆ ಲೆಕ್ಕ ತಪ್ಪುತ್ತೆ. ಗುರುಗುಟ್ಟಿದೆ, ಆರಾಮಾಗಿದೆ ಅಂದುಕೊಳ್ಳಲೂ ಬೇಡ. ಸಂಕಟದಲ್ಲೂ ಬೆಕ್ಕು ಗುರುಗುಡುತ್ತೆ. ಗಂಟೆಗೊಮ್ಮೆ ಎಣಿಸಿ ಬರೆದಿಡು.

ಎಣಿಕೆ 40 ದಾಟಿದರೆ ಬೆಳಗಿನವರೆಗೆ ಕಾಯಬೇಡ. ನಾಯಿ ಥರ ಬಾಯಿ ತೆರೆದು ಉಸಿರಾಡಿದರೆ, ಹೊಟ್ಟೆ ಎಳೆದೆಳೆದು ಉಸಿರು ಬಂದರೆ, ತುಟಿ ಎತ್ತಿದಾಗ ವಸಡು ಗುಲಾಬಿ ಬಿಟ್ಟು ಬಿಳಿಚಿಕೊಂಡಿದ್ದರೆ, ಬೂದಿ ಅಥವಾ ನೀಲಿ ಇದ್ದರೆ, ಇಲ್ಲವೇ ಹಿಂಗಾಲು ತಟಕ್ಕನೆ ತಣ್ಣಗಾಗಿ ಎಳೆದಾಡಿದರೆ, ಎಷ್ಟು ಹೊತ್ತಾಗಿದ್ದರೂ ಪಶುವೈದ್ಯರಿಗೆ ಫೋನು ಮಾಡಿ ಹೊರಡಿ. ಮುಂಚೆ ಹೇಳಿದರೆ ಆಕ್ಸಿಜನ್ ಸಿದ್ಧ ಮಾಡಿಕೊಂಡಿರ್ತಾರೆ.

ಅಪ್ಪನಿಗೆ ಖಡಾಖಂಡಿತ ಹೇಳು, ಮಾತ್ರೆ ಕೊಡೋಹಾಗಿಲ್ಲ. ಪ್ಯಾರಸಿಟಮಾಲ್ ಬೆಕ್ಕಿಗೆ ವಿಷ. ಅದನ್ನ ಕರಗಿಸಿ ಹಾಕೋ ಶಕ್ತಿ ಅದರ ಲಿವರಿಗಿಲ್ಲ. ರಕ್ತ ಕಂದಾಗಿ ಆಮ್ಲಜನಕ ಹೊರೋದನ್ನೇ ಬಿಡುತ್ತೆ. ಒಂದೇ ಮಾತ್ರೆ ಸಾಕು ಪ್ರಾಣಕ್ಕೆ. ವಿಕ್ಸ್, ಕರ್ಪೂರ, ನೀಲಗಿರಿ ಎಣ್ಣೆ ಹತ್ತಿರ ತರಬೇಡಿ. ಸೊಳ್ಳೆಬತ್ತಿ ಆರಿಸಿ. ಸಿರಿಂಜಲ್ಲಿ ನೀರು, ಹಾಲು ಹಾಕಿದರೆ ಶ್ವಾಸನಾಳಕ್ಕೆ ಇಳಿಯಬಹುದು; ಪಕ್ಕದಲ್ಲಿ ನೀರಿಡು, ಬೇಕಾದರೆ ಕುಡಿಯುತ್ತೆ.

ಹಬೆ ಕೊಡಲಾ ಅಂತ ಕೇಳಿದ್ದೀಯ. ಸೀನು, ಮೂಗು ಕಟ್ಟಿದ್ದು ಮಾತ್ರ ಆಗಿದ್ದರೆ ಸರಿ. ಬಚ್ಚಲಲ್ಲಿ ಬಿಸಿನೀರು ಬಿಟ್ಟು ಬಾಗಿಲು ಮುಚ್ಚಿ ಹತ್ತು ನಿಮಿಷ, ಜೊತೆಗೆ ನೀನೂ ಕೂತಿರು. ಕುದಿಯೋ ಪಾತ್ರೆಯ ಮುಂದೆ ಮುಖ ಹಿಡಿಯಬೇಡ. ಏದುಸಿರು ಹೆಚ್ಚಾದರೆ ತಕ್ಷಣ ಹೊರಗೆ. ಎದೆಯಲ್ಲಿ ನೀರು ತುಂಬಿದ್ದರೆ ಹಬೆಯಿಂದ ಏನೂ ಉಪಯೋಗವಿಲ್ಲ.

ಬುಟ್ಟಿ ಈಗಲೇ ಸಿದ್ಧ ಮಾಡು. ಮೇಲಿಂದ ಮುಚ್ಚಳ ತೆಗೆಯೋ ಥರದ್ದಾದರೆ ಒಳ್ಳೇದು, ತೂರಿಸೋ ಗಲಾಟೆ ಇರಲ್ಲ. ಒಳಗೆ ಟವೆಲು, ಮೇಲೊಂದು ತೆಳು ಬಟ್ಟೆ. ಗಾಳಿ ಬರೋ ಕಡೆ ಮುಚ್ಚಬೇಡ. ಪುಟ್ಟನಿಗೆ ಹೇಳಿ ಉಸಿರಾಟದ್ದು ಅರ್ಧ ನಿಮಿಷ ವಿಡಿಯೋ ತೆಗೆಸು. ಕೆಮ್ಮಿದರೆ ಅದನ್ನೂ. ನೆಲಕ್ಕೆ ಕತ್ತು ಚಾಚಿ ಕೆಮ್ಮಿ, ಏನೂ ಹೊರಗೆ ಬರದಿದ್ದರೆ ಕೂದಲುಂಡೆ ಅಂತ ಸುಮ್ಮನಾಗಬೇಡ, ಆಸ್ತಮಾ ಇರಬಹುದು. ಡಾಕ್ಟರ ಮೇಜಿನ ಮೇಲೆ ಬೆಕ್ಕು ಹಾಗೆ ಕೆಮ್ಮಿ ತೋರಿಸಲ್ಲ.

ಅಜ್ಜಿಗೆ ಹೇಳು, ನಗಲಿ: ಇಲ್ಲಿ ಆಸ್ತಮಾ ಇರೋ ಬೆಕ್ಕಿಗೆ ಮಕ್ಕಳಿಗಿಟ್ಟ ಹಾಗೆ ಮುಖಕ್ಕೆ ಮಾಸ್ಕ್ ಒತ್ತಿ ಇನ್ಹೇಲರ್ ಕೊಡ್ತಾರೆ, ಪಕ್ಕದಲ್ಲಿ ಕೂತು ಏಳರಿಂದ ಹತ್ತು ಉಸಿರು ಎಣಿಸ್ತಾರೆ. ಕೆಲವು ಆಸ್ಪತ್ರೆಗಳಲ್ಲಿ ಬೆಕ್ಕಿಗೇ ಬೇರೆ ಕಾಯೋ ಕೋಣೆ, ನಾಯಿಯ ವಾಸನೆ ಬಡಿಯದಿರಲಿ ಅಂತ. ಹುಚ್ಚಾಟ ಅನ್ನಬೇಡ, ಬಹಳ ಬುದ್ಧಿವಂತಿಕೆಯ ಕೆಲಸ.

ಧೈರ್ಯವಾಗಿರಮ್ಮ. ನೀನು ರಾತ್ರಿಯೆಲ್ಲ ಕೂರಬೇಡ, ಪುಟ್ಟನೂ ಎಣಿಸಲಿ. ಬಸ್ ಬಂತು. ಮೊದಲ ಎಣಿಕೆ ಎಷ್ಟು ಅಂತ ಈಗಲೇ ಕಳಿಸು.

ನಿನ್ನ
ಸುಮಿ