ಲಿಂಕನ್ ಅವರೊಂದಿಗೆ ನೆನೆಯಬೇಕಾದ ಹೆಸರು

ಮಾನ್ಯರೇ,

ಅಮೆರಿಕದ ಗುಲಾಮಗಿರಿ ಅಳಿದ ಕಥೆಯನ್ನು ಹೇಳುವಾಗ ನಮ್ಮ ಲೇಖಕರು ಸಾಮಾನ್ಯವಾಗಿ ಲಿಂಕನ್ ಅವರ ಬಳಿಯೇ ನಿಂತುಬಿಡುತ್ತಾರೆ. ಆ ಕಾಲದ ವಕೀಲ, ಪೆನ್ಸಿಲ್ವೇನಿಯಾದ ಜನಪ್ರತಿನಿಧಿ ಥಡಿಯಸ್ ಸ್ಟೀವನ್ಸ್ (1792–1868) ಅವರ ಹೆಸರು ಕನ್ನಡದಲ್ಲಿ ಕಾಣಸಿಗುವುದೇ ಅಪರೂಪ. ಅವರ ಬಗ್ಗೆ ಬರೆಯುವವರು ಅವರ ತಪ್ಪನ್ನೂ ಸೇರಿಸಿಯೇ ಬರೆಯಲಿ ಎಂಬುದು ನನ್ನ ಕೋರಿಕೆ.

ವರ್ಮಾಂಟ್‌ನ ಬಡ ಕುಟುಂಬದಲ್ಲಿ, ತಿರುಚಿದ ಪಾದದೊಂದಿಗೆ ಹುಟ್ಟಿದ ಸ್ಟೀವನ್ಸ್ ಪೆನ್ಸಿಲ್ವೇನಿಯಾದ ಗೆಟಿಸ್‌ಬರ್ಗ್‌ನಲ್ಲಿ ವಕೀಲಿ ಆರಂಭಿಸಿದರು. ಹೊರಗಿನಿಂದ ಕರೆತಂದ ಗುಲಾಮರು ಸತತ ಆರು ತಿಂಗಳು ಪೆನ್ಸಿಲ್ವೇನಿಯಾದಲ್ಲಿದ್ದರೆ ಅವರಿಗೆ ಬಿಡುಗಡೆ ದೊರೆಯುತ್ತಿತ್ತು. ಇದರ ಆಧಾರದ ಮೇಲೆ ಚಾರಿಟಿ ಬಟ್ಲರ್ ಎಂಬಾಕೆ ತನಗೂ ತನ್ನ ಮಕ್ಕಳಿಗೂ ಸ್ವಾತಂತ್ರ್ಯ ಕೇಳಿದಾಗ, 1821ರಲ್ಲಿ ಒಡೆಯನ ಪರ ನಿಂತ ಸ್ಟೀವನ್ಸ್, ಬಿಡಿಬಿಡಿಯಾಗಿ ಬಂದುಹೋದ ದಿನಗಳನ್ನು ಕೂಡಿಸಿ ಲೆಕ್ಕ ಹಿಡಿಯಲಾಗದೆಂದು ವಾದಿಸಿ ಗೆದ್ದರು. ವಾದ ಚತುರವೇ, ಆದರೆ ಒಬ್ಬ ತಾಯಿ ಮಕ್ಕಳೊಡನೆ ಮತ್ತೆ ದಾಸ್ಯಕ್ಕೆ ಮರಳಬೇಕಾಯಿತು. ಅದೇ ವಕೀಲರು 1851ರ ಕ್ರಿಸ್ಟಿಯಾನಾ ಪ್ರಕರಣದಲ್ಲಿ, ಓಡಿಬಂದ ಗುಲಾಮರನ್ನು ಹಿಡಿಯಲು ನೆರವಾಗದೆ ದೇಶದ್ರೋಹದ ಆರೋಪ ಹೊತ್ತವನ ರಕ್ಷಣೆಗೆ ನಿಂತರು. ಆತ ಬಿಡುಗಡೆಯಾದ.

ಇದಕ್ಕೂ ಮೊದಲೇ, ರಾಜ್ಯದ ಉಚಿತ ಶಾಲೆಗಳ ಕಾನೂನನ್ನು ರದ್ದುಮಾಡಲು ಶಾಸಕರು ಮುಂದಾಗಿದ್ದ 1835ರಲ್ಲಿ, ಅವರ ಒಂದು ಭಾಷಣ ಸದನದ ಮನಸ್ಸನ್ನೇ ತಿರುಗಿಸಿತ್ತು. ಮುಂದೆ ಅಮೆರಿಕದ ಕೆಳಮನೆಯಲ್ಲಿ ಅಂತರ್ಯುದ್ಧದ ಖರ್ಚುವೆಚ್ಚ ನೋಡಿಕೊಂಡ ಸಮಿತಿಯ ಅಧ್ಯಕ್ಷರಾದರು. ಅಮೆರಿಕದ ಸಂವಿಧಾನಕ್ಕೆ ಗುಲಾಮಗಿರಿಯನ್ನು ಕೊನೆಗೊಳಿಸಿದ 13ನೇ ಮತ್ತು ಎಲ್ಲರಿಗೂ ಕಾನೂನಿನ ಸಮಾನ ರಕ್ಷಣೆ ನೀಡಿದ 14ನೇ ತಿದ್ದುಪಡಿಗಳಿಗಾಗಿ ಹೋರಾಡಿದರು. ನಮ್ಮ ಸಂವಿಧಾನದ 14ನೇ ವಿಧಿಯಲ್ಲಿರುವ ‘ಕಾನೂನುಗಳ ಸಮಾನ ರಕ್ಷಣೆ’ ಎಂಬ ಮಾತಿನ ಮೂಲ ಆ 14ನೇ ತಿದ್ದುಪಡಿಯಲ್ಲಿದೆ. ಆ ಪದಗಳನ್ನು ಜೋಡಿಸಿದ ಶ್ರೇಯ ಓಹಿಯೋದ ಜಾನ್ ಬಿಂಗಮ್ ಅವರಿಗೆ ಸಲ್ಲಬೇಕು, ನಿಜ; ಅದನ್ನು ಸದನದಲ್ಲಿ ದಾಟಿಸಿದವರಲ್ಲಿ ಮುಂದಾಳು ಸ್ಟೀವನ್ಸ್. ದಕ್ಷಿಣದ ದೊಡ್ಡ ಜಮೀನ್ದಾರರ ಭೂಮಿಯನ್ನು ವಶಪಡಿಸಿಕೊಂಡು, ಬಿಡುಗಡೆಯಾದವರಿಗೆ 40 ಎಕರೆಯಂತೆ ಹಂಚಬೇಕೆಂಬ ಅವರ ಬೇಡಿಕೆಗೆ ಮಾತ್ರ ಸ್ವಪಕ್ಷದವರೇ ಒಪ್ಪಲಿಲ್ಲ. ಉಳುವವನ ಭೂಮಿಯ ಪ್ರಶ್ನೆ ಬಲ್ಲ ನಮ್ಮ ಓದುಗರಿಗೆ ಆ ನಷ್ಟದ ತೂಕವನ್ನು ಬಿಡಿಸಿ ಹೇಳಬೇಕಿಲ್ಲ.

1868ರ ಆಗಸ್ಟ್ 11ರಂದು ಅವರು ತೀರಿಕೊಂಡರು. ಅವರು ನೆಲೆಸಿದ್ದ ಪೆನ್ಸಿಲ್ವೇನಿಯಾದ ಲ್ಯಾಂಕಾಸ್ಟರ್‌ ಊರಿನ ಬೇರೆ ಸ್ಮಶಾನಗಳು ಬಣ್ಣ ನೋಡಿ ಜಾಗ ಕೊಡುತ್ತಿದ್ದುದರಿಂದ, ಎಲ್ಲರಿಗೂ ತೆರೆದಿದ್ದ ಪುಟ್ಟ ಸ್ಮಶಾನವೊಂದನ್ನು ಅವರು ತಮಗಾಗಿ ಆರಿಸಿಕೊಂಡಿದ್ದರು. ಆ ಕಾರಣವನ್ನು ಅವರ ಸಮಾಧಿಯ ಕಲ್ಲಿನ ಮೇಲೆ ಇಂದಿಗೂ ಓದಬಹುದು.

– ನಿವೃತ್ತ ವಕೀಲ, ಧಾರವಾಡ